ಅಜ್ಜಿಯ ಕೊರಳಲ್ಲಿ ಮಾಗಿದ ಸರ

ಗುಡವಿ ಕೆರೆಯ ಹಕ್ಕಿಗಳಿಗೆ ಮಾತು ಬರುತ್ತಿದ್ದ ಕಾಲವೊಂದಿತ್ತಂತೆ. ಆಗ ಕಾಡಿನ ಮರಗಳೆಲ್ಲ ಸೇರಿ, ಬರಿಗೊರಳ ಹೆಂಗಸೊಬ್ಬಳಿಗೆ ಸರ ಮಾಡಿಕೊಡುತ್ತೇವೆಂದು ಮಾತು ಕೊಟ್ಟವಂತೆ. ನನ್ನಜ್ಜಿ ಲೋಕಮ್ಮ ಕತೆಯನ್ನು ಇಷ್ಟಕ್ಕೆ ತರುವಷ್ಟರಲ್ಲಿ ನರ್ಮದಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು.

"ಕತೆ ಹೇಳ್ಲಿಕ್ಕೆ ಕೂರ್ಸಿದ್ನಾ ನಿನ್ನ, ಮುಂಡೇದೆ? ಉಜ್ಜು."

ಅಜ್ಜಿ ಮಣಿ ಉಜ್ಜಿದಳು.

ಸೊರಬದ ನರ್ಮದಮ್ಮನ ಹಿತ್ತಲ ಕೊಟ್ಟಿಗೆಯಲ್ಲಿ ನಮ್ಮ ಕೇರಿಯ ಹೆಂಗಸರು ಬೀಟೆ ಮರದ ತುಂಡುಗಳನ್ನು ಮಣಿಯಾಗಿಸಿ, ತಾಮ್ರದ ತಂತಿ ಸುತ್ತಿ, ನಡುವೆ ಗೋಮೇಧಿಕ ಕೂರಿಸುತ್ತೇವೆ. ಎಣ್ಣೆ ಹಚ್ಚಿ ತರಿಸಿದ ಹೊಳಪು ಒಂದು ಸಲ ನೀರು ತಾಗಿದರೆ ಹೋಗುತ್ತದೆ. ಅದಕ್ಕೇ ಸರಗಳನ್ನು ಸೆರಗಿನೊಳಗೆ ನಾವೇ ತೊಟ್ಟು ಗದ್ದೆಗೆ ಹೋಗುತ್ತೇವೆ. ಮೈಯ ಬಿಸಿಗೆ, ಬೆವರಿಗೆ ಮರ ನೇರಳೆಹಣ್ಣಿನ ಹಾಗೆ ಮಾಗುತ್ತದೆ. ಮಾಗಿದ ಮೇಲೆ ಬಿಚ್ಚಿ ಕೊಡಬೇಕು. ಗಿರಾಕಿಗಳಿಗೆ ನರ್ಮದಮ್ಮ, ಎಲ್ಲವನ್ನೂ ಮಡಿಯಲ್ಲಿ ಮಾಡಿಸಿದ್ದು ಎನ್ನುತ್ತಾರೆ.

ಅಜ್ಜಿ ಜನ್ಮವಿಡೀ ಬಿಚ್ಚಿ ಕೊಟ್ಟವಳು. ಬಿಚ್ಚಬೇಕಿಲ್ಲದ ಒಂದು ಸರ ನಿನ್ನ ಕೊರಳಿಗೆ ಹಾಕುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ಬಿಸಾಡಿದ ಚೂರುಗಳಲ್ಲೇ ಮಾಡಲು ನರ್ಮದಮ್ಮನನ್ನು ಕೇಳಿದಾಗ ನಕ್ಕು ಒಪ್ಪಿದ್ದರು. ಮುಂಗಾರಿಡೀ ಅಜ್ಜಿ ಅದನ್ನು ತೊಟ್ಟಳು. ನಿನ್ನೆ, ಫೋಟೋ ತೆಗೆದುಕೊಂಡು ವಾಪಸ್ ಕೊಡುತ್ತೇನೆಂದು ನರ್ಮದಮ್ಮ ಇಸಿದುಕೊಂಡರು. ಮರಗಳ ಮಾತನ್ನು ನಂಬಿ ಬೆಳೆದವಳು ನಾನು, ಇದನ್ನೂ ನಂಬಿದೆ.

ಇವತ್ತು ನರ್ಮದಮ್ಮ, ಕೊಂಡಿ ಬಿಗಿಯಾಗಿದೆ, ಇಕ್ಕಳ ತಾ ಎಂದು ಮುಂದಿನ ಅಂಗಳಕ್ಕೆ ಕರೆದರು. ಇಕ್ಕಳ ಹಿಡಿದು ಹೋದೆ, ಅಜ್ಜಿಯೂ ಹಿಂದೆ ಬಂದಳು. ಜಗಲಿಯ ಮೇಲೆ ಶಿರಾಳಕೊಪ್ಪದ ಜವಳಿ ಅಂಗಡಿಯವರ ಹೆಂಡತಿ ನೀಲಾಂಬಿಕ ಕನ್ನಡಿ ಹಿಡಿದು ಕೂತಿದ್ದರು. ಅವರ ಕೊರಳಲ್ಲಿ ಅಜ್ಜಿಯ ಸರ.

ಅದು ನಮ್ಮಜ್ಜಿಯದು ಎಂದೆ.

"ನಿನ್ನಜ್ಜಿ ಕೊರಳಿಗೆ ಯಾವ್ದಾದ್ರೇನೆ? ಬೇರೆ ಮಾಡ್ಕೋ," ಎಂದು ನರ್ಮದಮ್ಮ ಹಲ್ಲು ಕಚ್ಚಿ ಹೇಳಿದರು. ಅಜ್ಜಿ ನನ್ನ ಸೆರಗು ಜಗ್ಗಿದಳು.

ನೀಲಾಂಬಿಕ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಇಂಥಾ ಹೊಳಪು ಹೆಂಗ್ ಬರ್ತೈತ್ರೀ?"

ನರ್ಮದಮ್ಮ ಬಾಯಿ ತೆರೆಯುವ ಮೊದಲೇ ಹೇಳಿದೆ.

"ನಮ್ಮಜ್ಜಿ ಬೆವ್ರಿಂದ ಕಣ್ರೀ. ಸಸಿ ನೆಡೋವಾಗ, ಸಗಣಿ ಬಾಚೋವಾಗ ಇವ್ಳ ಕೊರಳಲ್ಲೇ ಇತ್ತು. ಇಲ್ಲಿಂದ ನೀವು ಒಯ್ದಿದ್ದೆಲ್ಲಾ ನಮ್ ಕೇರಿ ಮೈ ಮೇಲೇ ಹಣ್ಣಾಗಿದ್ದು."

ನೀಲಾಂಬಿಕ ಮೈಮೇಲೆ ಹಲ್ಲಿ ಬಿದ್ದವರಂತೆ ಎದ್ದು ಕೊರಳಿಂದ ಸರ ಎಳೆದು ತೆಗೆದರು. ಕೊಂಡಿ ಬಾಯಿ ಬಿಟ್ಟಿತು, ಅದಕ್ಕೆ ಸಿಕ್ಕ ಕೂದಲೂ ಕಿತ್ತು ಬಂತು. ಸರ ಜಗಲಿಯ ಮೇಲೆ ಬಿತ್ತು. ಅವರು ಕೈ ತೊಳೆಯಲು ನೀರು ಕೇಳಿದರು, ಆಮೇಲೆ ಕೊರಳಿಗೂ.

"ಹಲ್ಕಟ್ ರಂಡೆ, ಇನ್ನು ಈ ಕಡೆ ತಲೆ ಹಾಕಿದ್ರೆ ನೋಡು," ಎಂದರು ನರ್ಮದಮ್ಮ. ಆದರೆ ಸರವನ್ನು ಅವರೂ ಮುಟ್ಟಲಿಲ್ಲ.

ನಮ್ಮವರು ಯಾರೂ ಹತ್ತದ ಆ ಜಗಲಿಯನ್ನು ಹತ್ತಿದೆ. ಸರ ಎತ್ತಿಕೊಂಡು ಅಂಗಳಕ್ಕಿಳಿದೆ.

ಅಜ್ಜಿ ಹಿಂದೆ ಸರಿದಳು. "ಬ್ಯಾಡ ಕಣವ್ವಾ. ಕೂಳು ಕಳ್ದ್ಯಲ್ಲೇ."

"ಹೋಗ್ಲಿ. ತಲೆ ಎತ್ತಜ್ಜಿ."

ಅವಳು ಹಿಂದಿಟ್ಟ ಹೆಜ್ಜೆಯನ್ನು ಮುಂದಿಟ್ಟಳು. ಆಮೇಲೆ ತಲೆ ಎತ್ತಿದಳು. ಅವರಿಬ್ಬರೂ ನೋಡುತ್ತಿರುವಂತೆಯೇ ಸರ ತೊಡಿಸಿ, ತಾಮ್ರದ ಕೊಂಡಿಯನ್ನು ಮತ್ತೆ ತೆರೆಯಲಾಗದಂತೆ ಇಕ್ಕಳದಿಂದ ಒತ್ತಿ ಮುಚ್ಚಿದೆ.