ಕನ್ನಡಿಯಂಥ ಬಚ್ಚಲು

ಟೈಲ್ಸ್ ಮೇಸ್ತ್ರಿಯ ಮನೆಯಲ್ಲಿ ಬೆಳಗಾದರೆ ಒಂದೇ ಜಗಳ. ಅಪ್ಪ ಸ್ನಾನಕ್ಕೆ ಹೋಗುವುದಿಲ್ಲ.

"ಏಳಪ್ಪಾ, ನೀರು ಕಾದಿದೆ."

"ನಾಳೆ ಮಾಡ್ತೀನಿ ಬಿಡೋ."

"ನಿನ್ನೆನೂ ಇದೇ ರಾಗ. ಹತ್ರ ಬಂದ್ರೆ ವಾಸನೆ ಹೊಡೆಯುತ್ತೆ, ಗೊತ್ತಾ?"

ಅಪ್ಪ ಗೋಡೆ ಕಡೆ ತಿರುಗಿ ಕೂತರು. ಬಸ್ ಡ್ರೈವರ್ ಆಗಿದ್ದ ಕಾಲದಲ್ಲಿ ಇಸ್ತ್ರಿ ಇಲ್ಲದ ಅಂಗಿ ತೊಟ್ಟವರಲ್ಲ. ಈಗ ನೀರು ಕುಡಿಯುವುದಕ್ಕೂ ಹಟ. ಸೊಸೆ ಲೋಟ ತಂದಿಟ್ಟರೆ ತುಟಿ ಒದ್ದೆ ಮಾಡಿ ಕೆಳಗಿಡುತ್ತಿದ್ದರು.

"ಮಾವ ಯಾಕೋ ಸರಿ ಇಲ್ಲ ರೀ," ಎಂದಳು ಮೇಸ್ತ್ರಿಯ ಹೆಂಡತಿ.

"ವಯಸ್ಸಾಯ್ತಲ್ಲ, ಮಗು ಬುದ್ಧಿ. ತಲೆ ಕೆಡಿಸ್ಕೋಬೇಡ."

ಒಂದು ಮಧ್ಯಾಹ್ನ ಅಪ್ಪ ಕೂತಲ್ಲೇ ವಾಲಿಬಿಟ್ಟರು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಮೈಯಲ್ಲಿ ನೀರಿನಂಶವೇ ಇಲ್ಲ, ಮೂತ್ರದಲ್ಲಿ ಸೋಂಕು ಬೇರೆ ಎಂದರು ಡಾಕ್ಟರು. ಮನೆಗೆ ಕರೆತಂದ ಮೇಲೆ ಆರೋಗ್ಯ ಕೇಂದ್ರದ ನರ್ಸಮ್ಮ ನೋಡಲು ಬಂದರು. ಬಿ.ಪಿ. ನೋಡಿ ಹೋಗುತ್ತಾರೆ ಅಂದುಕೊಂಡರೆ, "ಬಚ್ಚಲು ಎಲ್ಲಿ?" ಎಂದರು.

ಮೇಸ್ತ್ರಿಯ ಮುಖ ಅರಳಿತು. ಅವನು ತನ್ನ ಕೈಯಾರೆ ಟೈಲ್ಸ್ ಹಾಕಿದ ಬಚ್ಚಲು ಅದು! ನೆಲ, ಗೋಡೆ ಎಲ್ಲ ಒಂದೇ ಬಿಳುಪು, ಫಳಫಳ. ಮಾದರಿ ತೋರಿಸಲು ಗಿರಾಕಿಗಳನ್ನು ಇಲ್ಲಿಗೇ ಕರೆತರುತ್ತಿದ್ದ.

"ನೆಲದಲ್ಲಿ ಮುಖ ನೋಡ್ಕೋಬಹುದು ಸಿಸ್ಟರ್!"

"ಮುಖಕ್ಕೆ ಗೋಡೆ ಮೇಲೆ ಕನ್ನಡಿ ಇದೆಯಲ್ಲಪ್ಪ. ಅಜ್ಜಾ, ನೀವು ದಿನಾ ಹೇಗೆ ಒಳಗೆ ಹೋಗ್ತೀರಿ, ತೋರ್ಸಿ ನೋಡೋಣ."

ಅಪ್ಪ ಹೊಸ್ತಿಲಲ್ಲೇ ನಿಂತರು. ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಕಾಲ ಹೆಬ್ಬೆರಳಿನಿಂದ ನೆಲ ತಡವಿದರು.

"ಎಲ್ಲಿ ಒದ್ದೆ, ಎಲ್ಲಿ ಒಣ, ಕಾಣಲ್ಲಮ್ಮ. ಬಸ್ ಓಡಿಸಿದೋನು ನಾನು, ಬ್ರೇಕ್ ಹಿಡಿಯದ ರಸ್ತೆ ನೋಡಿದ ಕೂಡ್ಲೇ ಗೊತ್ತಾಗುತ್ತೆ. ನೀರು ಕುಡಿದ್ರೆ ಇಲ್ಲಿಗೆ ಬರ್ಬೇಕಲ್ಲ, ಅದಕ್ಕೇ ಕುಡಿಯಲ್ಲ."

ಮೇಸ್ತ್ರಿಗೆ ಸಿಟ್ಟು ಬಂತು. "ನಾವೆಲ್ಲ ಓಡಾಡಲ್ವಾ? ಜಾರೋ ಹಂಗೆ ಹಾಕೋಕೆ ನಾನೇನು ನಿನ್ನೆ ಕರಣೆ ಹಿಡಿದೋನಾ?"

"ಕೆಲ್ಸ ಚೆನ್ನಾಗೇ ಇದೆಯಪ್ಪ. ಆದ್ರೆ ಯಾರ ಕಾಲಿಗೆ ಅಂತ ಹಾಕಿದ್ದು?" ಎಂದರು ನರ್ಸಮ್ಮ.

ಅವನು ಅಪ್ಪನ ಕಡೆ ತಿರುಗಿದ. "ಒಂದು ಮಾತು ಹೇಳ್ಬಾರ್ದಿತ್ತಾ ಅಪ್ಪಾ?"

"ಹೇಗೋ ಹೇಳ್ಲಿ? ನೀನು ಮಂಡಿ ಊರಿಕೊಂಡು ಒಂದೊಂದೇ ಟೈಲ್ಸ್ ಕೂರಿಸಿದ್ದೆ. ಬಂದೋರಿಗೆಲ್ಲ ತೋರಿಸ್ತಿದ್ದೆ."

ಮೇಸ್ತ್ರಿಗೆ ತನ್ನ ಮಾತೇ ನೆನಪಾಯಿತು. ಹಾಗೆ ಬಂದವರ ಎದುರಿಗೇ ಅಲ್ಲವೆ, "ನೀರು ಕಂಡ್ರೆ ನಮ್ಮಪ್ಪ ಬೆಕ್ಕು" ಎಂದು ತಾನು ನಗಾಡಿದ್ದು?

ಆ ವಾರವೇ ಉಳಿ, ಸುತ್ತಿಗೆ ಹಿಡಿದು, ತಾನು ಹಾಕಿದ್ದನ್ನು ತಾನೇ ಒಡೆದ. ನರ್ಸಮ್ಮ ಹೇಳಿದಂತೆ ನೆಲಕ್ಕೆ ತರಿತರಿಯಾದ, ಗೋಡೆಗಿಂತ ಗಾಢ ಬಣ್ಣದ ಟೈಲ್ಸ್ ಹಾಕಿದ.

"ಹಿಡ್ಕೊಳ್ಳೋಕೆ ಟವೆಲ್ ಕಂಬಿ ಸಾಕಲ್ವಾ?" ಎಂದಳು ಹೆಂಡತಿ.

"ಅದು ಟವೆಲ್ ಭಾರಕ್ಕೆ ಕಣೆ, ಅಪ್ಪನ ಭಾರಕ್ಕಲ್ಲ."

ಗೋಡೆಗೆ ಗಟ್ಟಿ ಹಿಡಿಕೆ ಕೂರಿಸಿದ. ಕೂತು ಸ್ನಾನ ಮಾಡಲು ಅಲ್ಲಾಡದ ಸ್ಟೂಲು, ಬಾಗಿಲ ಹತ್ತಿರ ಒಂದು ದೀಪ. ಅಪ್ಪ ಹಿಡಿಕೆಯನ್ನು ಜಗ್ಗಿ ನೋಡಿದರು. "ಈಗ ಗಾಡಿ ನಿಲ್ಲುತ್ತೆ," ಎಂದು ಬಾಗಿಲು ಮುಂದೆ ಮಾಡಿಕೊಂಡರು. ಒಳಗೆ ನೀರು ಸುರಿಯುವ ಸದ್ದು ಕೇಳಿ ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮೇಸ್ತ್ರಿಗೆ ಮಾತ್ರ ಸಮಾಧಾನವಿಲ್ಲ. ಆ ಫಳಫಳ ಹೊಳೆಯುವ ಹಳೇ ಮಾದರಿ ತೋರಿಸಿ ಎಷ್ಟು ಮನೆಗಳಿಗೆ ಹಾಕಿಕೊಟ್ಟಿದ್ದನೋ! ಒಬ್ಬ ಹಳೇ ಗಿರಾಕಿಯ ಮನೆಗೆ ಹೋದ. ಮುಂದಿನ ಕೋಣೆಯಲ್ಲೇ ಮಂಚ, ಅದರ ಮೇಲೆ ಗಿರಾಕಿಯ ತಾಯಿ. ಸೊಂಟದ ಮೂಳೆ ಮುರಿದಿತ್ತು.

"ಎಲ್ಲಿ ಬಿದ್ರಿ ಅಜ್ಜಿ?" ಕೇಳುವ ಮೊದಲೇ ಅವನಿಗೆ ಉತ್ತರ ಗೊತ್ತಿತ್ತು.

"ಬಚ್ಚಲಲ್ಲಿ ಕಣಪ್ಪ. ನಿನ್ನ ಕೆಲ್ಸಕ್ಕೆ ಹೆಸರಿಡೋ ಹಾಗಿಲ್ಲ. ನಾನೇ ನೋಡ್ಕೊಂಡು ಕಾಲಿಡ್ಲಿಲ್ಲ."

ಮೇಸ್ತ್ರಿಗೆ ತಲೆ ಎತ್ತಲಾಗಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಿರಿಯರು ಸ್ನಾನಕ್ಕೆ ಹಿಂಜರಿದರೆ, ನೀರು ಕಡಿಮೆ ಕುಡಿದರೆ, ಬೈಯುವ ಮೊದಲು ಅವರ ಜೊತೆ ಬಚ್ಚಲವರೆಗೆ ನಡೆದು ಹೋಗಿ. ಅವರ ಕೈ ಏನನ್ನು ಹುಡುಕುತ್ತದೆ, ನೋಡಿ. ಹಿಡಿಯಲು ಏನೂ ಇಲ್ಲದಿದ್ದರೆ ಗಟ್ಟಿಯಾದ ಹಿಡಿಕೆ ಹಾಕಿಸಿ. ಏನು ಮಾಡಬೇಕೆಂದು ತೋಚದಿದ್ದರೆ ಆರೋಗ್ಯ ಕಾರ್ಯಕರ್ತೆಯನ್ನು ಕರೆದು ಮನೆ ತೋರಿಸಿ. ಅವರಾಗಿ ಕೇಳಲಿ ಎಂದು ಕಾಯಬೇಡಿ. ನಿಮಗೆ ಬೇಜಾರಾಗುತ್ತದೆ ಎಂದು ಅವರು ಕೇಳುವುದೇ ಇಲ್ಲ.