ಕೊಳ್ಳದ ಜನರ ಫುವಾಟಿನೊ

ಫುವಾಟಿನೊ ಸೆಮಿಸಿ ಅವರು ಹಸ್ತಪ್ರತಿಯನ್ನು ಓದುವುದು ಕಣ್ಣಿನಿಂದಲ್ಲ, ಕಂಠದಿಂದ. ಆಕ್ಲೆಂಡಿನ ನಮ್ಮ ಪ್ರಕಾಶನದ ಮೌನಗಂಭೀರ ಕಚೇರಿಯಲ್ಲಿ, ಕಪ್ಪು ಕೋಟುಗಳ ನಡುವೆ ಹೂವಿನಚ್ಚಿನ ಉಡುಪು ತೊಟ್ಟು, ಕಿವಿಯ ಮೇಲೊಂದು ದಾಸವಾಳ ಸಿಕ್ಕಿಸಿಕೊಂಡು, ಈ ಸಮೋವಾದ ಸಂಪಾದಕಿ ಪುಟಗಳನ್ನು ಗಟ್ಟಿಯಾಗಿ ಓದತೊಡಗಿದರೆ ಪಕ್ಕದ ಕೋಣೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. "ಸುಳ್ಳನ್ನ ಕಣ್ಣು ದಾಟಿ ಹೋಗುತ್ತೆ, ಕಿವಿ ಬಿಡಲ್ಲ" ಎಂಬುದು ಅವರ ಸಮಜಾಯಿಷಿ. ಬಿಳಿಯರೇ ತುಂಬಿದ ಆ ಕಚೇರಿಗೆ ಬಂದ ಲೇಖಕನೊಬ್ಬ ಇವರನ್ನು ಪರಿಚಾರಿಕೆಯೆಂದು ಬಗೆದು ಚಹಾ ಕೇಳಿದಾಗ, ತಂದು, ಸಂಪಾದಕರ ಕುರ್ಚಿಯಲ್ಲಿ ಕುಳಿತು, ತಾವೇ ನಿಧಾನವಾಗಿ ಕುಡಿದು, "ಎಂಟನೇ ಅಧ್ಯಾಯ ಬಹಳ ಎಳೆದಿದ್ದೀರಿ" ಎಂದಿದ್ದರು.

ಇಂಥವರೂ ಒಮ್ಮೆ ಅಂಜಿದ್ದುಂಟು. ಸಮೋವಾದವರೇ ಹೆಚ್ಚಾಗಿರುವ ತಮ್ಮ ಮಾಂಗೆರೆ ಬಡಾವಣೆಯ ಹುಡುಗಿ ಲಾಗಿ ಬರೆದ ಕಾದಂಬರಿಯನ್ನು ಹಟ ಹಿಡಿದು ಅಚ್ಚು ಮಾಡಿಸಿದ್ದರು. ಮಾರಾಟದ ಮುಖ್ಯಸ್ಥ ಕೊಲಿನ್, "ನಿಮ್ಮ ಜನ ಪುಸ್ತಕ ಕೊಳ್ಳಲ್ಲ ಫುವಾ. ಇದು ಹೋಗ್ಲಿಲ್ಲ ಅಂದ್ರೆ ಇಂಥದ್ದು ಇನ್ನು ಬೇಡ" ಎಂದುಬಿಟ್ಟಿದ್ದ.

ಬಿಡುಗಡೆ ಮಾಂಗೆರೆಯ ಚರ್ಚಿನಲ್ಲಿ, ಭಾನುವಾರದ ಪ್ರಾರ್ಥನೆಯ ಬೆನ್ನಿಗೆ. ಜನ ಲಾಗಿಯನ್ನು ತಬ್ಬಿದರು, ಅತ್ತರು, ಹಾಡಿದರು; ಆಮೇಲೆ ಕೆಸುವಿನ ಗಡ್ಡೆ, ಹಂದಿಮಾಂಸಗಳ ಕಡೆ ನಡೆದರು. ಪುಸ್ತಕಗಳು ಇಟ್ಟಲ್ಲೇ ಇದ್ದವು. ಕೊಲಿನ್ ತುಟಿಯಂಚಿನಲ್ಲಿ ನಕ್ಕ. ಫುವಾಟಿನೊ ಪ್ರತಿಗಳನ್ನು ಎರಡೆರಡು ಸಲ ಎಣಿಸಿದರು. ಎದ್ದು ಹೋಗಿ ಚರ್ಚಿನ ಕಾರ್ಯದರ್ಶಿಯ ಕಿವಿಯಲ್ಲಿ ಏನೋ ಉಸುರಿದರು. ಯಾವ ಮನೆತನ ಎಷ್ಟು ಕಾಣಿಕೆ ಕೊಟ್ಟಿತೆಂದು ಪ್ರತಿ ವಾರ ಮೈಕಿನಲ್ಲಿ ಓದಿಹೇಳುವವನು ಆತನೇ. ಗಂಟಲು ಸರಿಮಾಡಿಕೊಂಡು, ಅದೇ ರಾಗದಲ್ಲಿ, "ಸೆಮಿಸಿ ಮನೆತನ, ಐದು ಪುಸ್ತಕ" ಎಂದ.

ಅಗಿಯುತ್ತಿದ್ದ ಬಾಯಿಗಳು ನಿಂತವು. ಮೂಲೆಯಿಂದ ತೆಲೇಸಿಯಾ ಅಜ್ಜಿ, "ನಮ್ಮನೇದು ಆರು ಅಂತ ಓದಪ್ಪಾ" ಎಂದರು. "ಆರೇನಾ? ನಮ್ಮದು ಹತ್ತು ಹಾಕು" ಎಂದರು ಅವರ ಬೀಗಿತ್ತಿ. ಆಮೇಲೆ ಕೇಳಬೇಕೆ! ಕಾರಿನಿಂದ ಪೆಟ್ಟಿಗೆಗಳನ್ನು ಹೊತ್ತು ಹೊತ್ತು ಕೊಲಿನ್ ಬೆವತುಹೋದ.

"ಕೊಂಡ್ರು ಸರಿ, ಓದ್ತಾರಾ?" ಎಂದು ಕೊನೆಗೂ ಕೊಂಕು ತೆಗೆದ.

"ನಿಮ್ಮ ಜನ ಕೊಂಡಾಗ ಯಾವತ್ತಾದ್ರೂ ಹಾಗೆ ಕೇಳಿದ್ದೀರಾ?" ಎಂದರು ಫುವಾಟಿನೊ.

ಬುಧವಾರ ಕಚೇರಿಗೆ ಅಜ್ಜಿಯ ಫೋನು: "ಏನಮ್ಮಾ, ಅದರಲ್ಲಿರೋ ಜಗಳಗಂಟಿ ಅತ್ತೆ ನಾನೇ ತಾನೇ? ಮುಂದಿನ ಪುಸ್ತಕದಲ್ಲಿ ನಮ್ಮ ಬೀಗಿತ್ತೀನೂ ಹಾಕಿಸು." ಫುವಾಟಿನೊ ಫೋನನ್ನು ಕೊಲಿನ್‌ನ ಕೈಗಿತ್ತರು. ಆತ ಬಹಳ ಹೊತ್ತು ಕೇಳಿಸಿಕೊಂಡ. ಆಮೇಲೆ ಲಾಗಿಯ ಮುಂದಿನ ಪುಸ್ತಕ ಯಾವಾಗ ಎಂದು ತಾನೇ ವಿಚಾರಿಸಿದ.

ದೊಡ್ಡವರ ಮನೆಗೆ ಒಂಟಿಯಾಗಿ ಕಾಲಿಟ್ಟವರಲ್ಲಿ ಹೆಚ್ಚಿನವರು, ಸಿಕ್ಕ ಜಾಗವೇ ಪುಣ್ಯವೆಂದು ತಲೆ ತಗ್ಗಿಸಿ ಉಣ್ಣುತ್ತಾರೆ. ಫುವಾಟಿನೊ ಅವರಂಥವರು ಹಾಗಲ್ಲ. ತಮ್ಮವರೆಲ್ಲ ಪಂಕ್ತಿಗೆ ಬಂದು ಕೂರುವ ತನಕ ಅವರು ಎಲೆಗೆ ಕೈ ಹಾಕುವುದಿಲ್ಲ.