ಬ್ರೇಕ್ ಹಿಡಿದ ಕೈ

ಬಸ್ ಓಡಿಸಿ ಓಡಿಸಿ, ಹೆದರಿದರೆ ಬ್ರೇಕ್ ಹಾಕುವುದು ಅವಳ ಮೈಗಂಟಿದ ಚಾಳಿಯಾಗಿತ್ತು. ಈಗ ಪ್ಯಾರಾಗ್ಲೈಡರಿನ ಪಟ್ಟಿಗಳನ್ನು ಬಿಗಿದುಕೊಂಡು ಮೊದಲ ಸಲ ಒಬ್ಬಳೇ ಆಕಾಶದಲ್ಲಿ ತೂಗುತ್ತಿದ್ದವಳು, ಕೆಳಗೆ ನೋಡಿ ಜೀವ ಬಾಯಿಗೆ ಬಂದಂತಾಗಿ, ಎರಡೂ ಬ್ರೇಕ್ ಹಗ್ಗಗಳನ್ನು ಸೊಂಟದವರೆಗೆ ಜಗ್ಗಿ ಹಿಡಿದಳು. ವೇಗ ತಗ್ಗಿತು. ಕಿವಿಯಲ್ಲಿ ಸುಯ್ಯೆನ್ನುತ್ತಿದ್ದ ಗಾಳಿಯ ಸದ್ದಡಗಿತು.

“ಅಕ್ಕಾ, ಇದು ಬಸ್ಸಲ್ಲ, ನಿಂತ್ರೆ ಬೀಳುತ್ತೆ! ಕೈ ಮೆಲ್ಲಗೆ ಮೇಲಕ್ಕೆ ಬಿಡಿ,” ಎಂದ ತರಬೇತುದಾರ, ಕೆಳಗಿನಿಂದ ರೇಡಿಯೊದಲ್ಲಿ.

“ಬಿಡೋಕೆ ಆಗ್ತಿಲ್ಲ ಕಣೋ!”

“ನಂಗೂ ಮೊದಲ ಸಲ ಆಗಿರಲಿಲ್ಲ. ಉಸಿರು ಬಿಡಿ, ಜೊತೆಗೆ ಕೈಯೂ ಬರುತ್ತೆ.”

ಉಸಿರು ಬಿಟ್ಟಳು. ಕೈ ಇಷ್ಟಿಷ್ಟೇ ಮೇಲೇರಿತು. ಗಾಳಿ ಮತ್ತೆ ಸುಯ್ಯೆಂದಿತು.

ನೆಲಕ್ಕಿಳಿದ ಮೇಲೂ ಅವಳ ಬೆರಳುಗಳು ಮರಗಟ್ಟಿದ್ದವು; ಪಟ್ಟಿಯ ಬಕಲ್ ಬಿಚ್ಚಲು ಆಗಲಿಲ್ಲ. “ಈ ಬಕಲ್‌ಗಳೇ ದರಿದ್ರ, ಯಾರಿಗೂ ಬಗ್ಗಲ್ಲ,” ಎಂದು ಬೈಯುತ್ತಾ ಅವನೇ ಪಟ್ಟಿಗಳನ್ನು ಬಿಚ್ಚಿದ.